ಕೀ ತೆಗೆದ ಮೇಲೂ ಓಡಿದ ಎಂಜಿನ್

ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಜೀರಹಳ್ಳಿಗೆ ಇನ್ನು ಐದಾರು ಕಿಲೋಮೀಟರ್ ಉಳಿದಿತ್ತು. ಕಾಡಿನ ನಡುವಿನ ಏರು ರಸ್ತೆ. ಹನ್ನೊಂದಕ್ಕೆ ತೊಟ್ಟಿಲು ಶಾಸ್ತ್ರ ಇದ್ದುದರಿಂದ ನಾನು ಗಡಿಯಾರ ನೋಡಿದ್ದೆ. ಆಗಲೇ ನನ್ನ ಗಂಡ ನಂಜುಂಡಸ್ವಾಮಿ, "ನಾನು ಆಕ್ಸಿಲರೇಟರ್ ತುಳಿದೇ ಇಲ್ಲ" ಎಂದರು. ಅದನ್ನು ಅವರು ಯಾರಿಗೂ ಹೇಳಿದಂತಿರಲಿಲ್ಲ. ಕಾರು ಮಾತ್ರ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಮುಂದಕ್ಕೆ ನುಗ್ಗುತ್ತಿತ್ತು.

ನಾವು ಮೈಸೂರಿನಿಂದ ಹೊರಟಿದ್ದು ಹಿಂದಿನ ದಿನ, ಜನವರಿಯ ಒಂದು ಶನಿವಾರ. ನಾವಿಬ್ಬರು, ಆರು ವರ್ಷದ ಮಗಳು ಕಾವ್ಯ. ಕಾರು ಹಿಂದಿನ ವರ್ಷ ಕೊಂಡ ಹಳೆಯ ಟರ್ಬೊ ಡೀಸೆಲ್ ಗಾಡಿ. ಏರಿನಲ್ಲಿ ನೀಲಿ ಹೊಗೆ ಬಿಡುತ್ತಿತ್ತು, ಆಗಾಗ ಎಣ್ಣೆ ಕೇಳುತ್ತಿತ್ತು. ನಂಜನಗೂಡಿನಲ್ಲಿ ಇವರು ಅರ್ಧ ಲೀಟರ್ ಎಂಜಿನ್ ಎಣ್ಣೆ ಹಾಕಿಸಿ, ಅಳತೆ ಕಡ್ಡಿ ತೆಗೆದು ನೋಡಿ, ಗೆರೆಗೆ ಸರಿಯಾಗಿದೆ ಎಂದು ಸಮಾಧಾನಪಟ್ಟರು. ಚಾಮರಾಜನಗರದಲ್ಲಿ ಇಡ್ಲಿ ತಿಂದೆವು. ಅಲ್ಲಿಂದ ತಾಳವಾಡಿಗೆ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ರಾಜ್ಯದ ಗಡಿ ದಾಟಿದಾಗ ಬದಲಾದದ್ದು ಬೋರ್ಡುಗಳ ಅಕ್ಷರ ಮಾತ್ರ. ಹೊಲದಲ್ಲಿ ಅದೇ ಕೋಸು, ಅದೇ ಜೋಳ, ಕಣದಲ್ಲಿ ಅದೇ ರಾಗಿ ಹುಲ್ಲಿನ ಮೆದೆ. ಕಾಡುಗಳ್ಳನ ಭಯಕ್ಕೆ ಕಾಡಿನ ದಾರಿಯಲ್ಲಿ ಹೋಗಲು ಜನ ಹೆದರುತ್ತಿದ್ದ ಕಾಲ ಮುಗಿದು ಎರಡು ವರ್ಷವಾಗಿತ್ತು. ಅದಕ್ಕೇ ನಾವೂ ಧೈರ್ಯ ಮಾಡಿದ್ದು.

ಆ ರಾತ್ರಿ ಪಣಕಹಳ್ಳಿಯಲ್ಲಿ ನನ್ನ ಸೋದರಮಾವ ಗುರುಮಲ್ಲಪ್ಪನವರ ಮನೆಯಲ್ಲಿ ಉಳಿದೆವು. ಮುದ್ದೆ, ಅವರೆಕಾಳಿನ ಸಾರು. ಮಾವನ ಮಗಳು ರಾಜಮ್ಮನನ್ನು ಜೀರಹಳ್ಳಿಗೆ ಕೊಟ್ಟಿದ್ದರು. ತೊಟ್ಟಿಲು ಅವಳ ಮಗುವಿಗೆ. ಮಾವನ ಹೆಂಡತಿ, ನನ್ನ ಅತ್ತೆ, ಮಂಡಿ ನೋವಿನಿಂದ ಹೊರಡುವಂತಿರಲಿಲ್ಲ. ಬಾಣಂತಿ ಕೂತು ಮಗುವಿಗೆ ನೀರು ಹಾಕಲಿ ಎಂದು ಹಲಸಿನ ಮರದ ಹೊಸ ಮಣೆಯೊಂದನ್ನು ಮಾಡಿಸಿ ನಮ್ಮ ಕೈಯಲ್ಲಿ ಕೊಟ್ಟರು. ಮಾವ ನಮ್ಮ ಜೊತೆ ಹೊರಟರು.

ಭಾನುವಾರ ಬೆಳಗಿನ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಆರೂವರೆ ಇರಬಹುದು, ಮಂಜು ಇನ್ನೂ ಹೊಲದ ಮೇಲಿತ್ತು. ಇವರು ಸ್ನಾನಕ್ಕೆ ಹೋಗಿದ್ದರು. ಮಾವ ತಮ್ಮ ಡೀಸೆಲ್ ಪಂಪ್‌ಸೆಟ್ಟಿಗೆ ಇಟ್ಟುಕೊಂಡಿದ್ದ ಎಣ್ಣೆ ಡಬ್ಬ ಹಿಡಿದು ಕಾರಿನ ಮುಂದೆ ನಿಂತಿದ್ದರು.

"ಇದ್ರ ಬಾಯಿ ಎಲ್ಲದವ್ವ?"

"ಯಾಕೆ ಮಾವ?"

"ರಾತ್ರಿ ಅಳಿಮಯ್ಯ ಅಂತಿದ್ರಲ್ಲ, ಎಣ್ಣೆ ಕುಡೀತದೆ ಅಂತ. ನಮ್ಮನೆ ಬಾಗ್ಲಿಂದ ಯಾವ ಗಾಡೀನೂ ಬರಿ ಒಟ್ಟೇಲಿ ಓಗಿಲ್ಲ ಕಣವ್ವ. ಎತ್ತಿನ ಗಾಡಿ ಬಂದ್ರೆ ಎತ್ತಿಗೆ ಉಲ್ಲು, ಕೀಲಿಗೆ ಎಣ್ಣೆ. ಇದ್ಕೂ ಒಂಚೂರು ಬುಡವ."

ನಾನು ನಕ್ಕೆ. ಬಾಗಿಲು ತೆಗೆದು ಬಾನೆಟ್ ಎತ್ತುವ ಹಿಡಿಯನ್ನು ತೋರಿಸಿದೆ. ಎಣ್ಣೆ ಹಾಕುವ ಮುಚ್ಚಳವನ್ನೂ ತೋರಿಸಿದೆ. ಅವರು ಪೇಪರು ಸುತ್ತಿ ಆಲಿಕೆ ಮಾಡಿ ಎರಡು ಲೀಟರಿನ ಡಬ್ಬವನ್ನು ಕೊನೆಯ ಹನಿಯವರೆಗೂ ಬಗ್ಗಿಸಿದರು. ಅವರ ಪಂಪ್‌ಸೆಟ್ಟಿಗೆ ಒಂದು ಸಲಕ್ಕೆ ಒಂದು ಡಬ್ಬವೇ ಲೆಕ್ಕ. ನಾನು ಎಂ.ಎಸ್ಸಿ. ಓದಿದವಳು, ಕಾಲೇಜಿನಲ್ಲಿ ಪಾಠ ಹೇಳುವವಳು. ಹೆಚ್ಚಾದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ. ಇವರಿಗೆ ಹೇಳಲೂ ಇಲ್ಲ. ಹೇಳುವಂಥ ವಿಷಯವೆಂದೇ ಅನಿಸಲಿಲ್ಲ.

ಈಗ ಆ ಏರಿಗೆ ಬರುತ್ತೇನೆ. ಇವರು ಕ್ಲಚ್ ಒತ್ತಿದರು. ಭಾರ ತಪ್ಪಿದ ಎಂಜಿನ್ ಚೀರಿತು. ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗಾಡಿಯನ್ನು ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತಿರುಗಿಸಿದರು. ನಿಲ್ಲಲಿಲ್ಲ. ಕೀಯನ್ನು ಹೊರಗೇ ತೆಗೆದರು. ಸದ್ದು ಇನ್ನೂ ಏರಿತು. ಕೀ ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು. ಹಿಂದಿನ ಗಾಜಿನಲ್ಲಿ ರಸ್ತೆ ಕಾಣಲಿಲ್ಲ, ಮರ ಕಾಣಲಿಲ್ಲ, ಬೆಳ್ಳಗೆ ನೀಲಿಯಾಗಿ ಹೊಗೆಯೊಂದೇ. ನನ್ನ ಕಾಲ ಕೆಳಗಿನ ತಗಡು ನಡುಗುತ್ತಿತ್ತು.

ಹಿಂದಿನ ಸೀಟಿನಲ್ಲಿದ್ದ ನಾನು ಬಾಗಿಲು ಎಳೆದೆ. ತೆಗೆಯಲಿಲ್ಲ. ಮಗು ಬೀಳದಿರಲೆಂದು ನಾವೇ ಹಾಕಿದ್ದ ಲಾಕು, ಒಳಗಿನಿಂದ ತೆಗೆಯಲು ಬಾರದು. ಗಾಜು ಇಳಿಸುವ ಗುಂಡಿ ಒತ್ತಿದೆ. ಕೀ ತೆಗೆದಿದ್ದರಿಂದ ಅದೂ ಕೆಲಸ ಮಾಡಲಿಲ್ಲ. ಎಲ್ಲವೂ ನಿಂತಿತ್ತು, ನಿಲ್ಲಬೇಕಾದ ಎಂಜಿನ್ ಒಂದನ್ನು ಬಿಟ್ಟು. ಕಾವ್ಯ ಅಳಲಿಲ್ಲ. ಕಿವಿ ಮುಚ್ಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

"ಮೊದ್ಲು ಮಗೀನ ಈಚ್ಗೆ ತಗೀರಿ" ಎಂದು ಮಾವ ಕೂಗಿದ್ದು ಕೇಳಿಸಿತು. ಇವರು ಎಚ್ಚರಗೊಂಡವರಂತೆ ಹಾರಿ ಬಂದು ಹೊರಗಿನಿಂದ ಬಾಗಿಲು ತೆಗೆದರು. ನಾನು ಮಗುವನ್ನು ಎತ್ತಿಕೊಂಡು ರಸ್ತೆಯಾಚೆಗೆ ಓಡಿದೆ.

ತಿರುಗಿ ನೋಡಿದರೆ ಮಾವ ಬಾನೆಟ್ ಎತ್ತಿದ್ದರು. ಆ ಹಿಡಿ ಎಲ್ಲಿದೆಯೆಂದು ಬೆಳಗ್ಗೆ ನಾನೇ ತೋರಿಸಿಕೊಟ್ಟಿದ್ದೆ. ಎಂಜಿನ್ನಿಗೆ ಗಾಳಿ ಹೋಗುವ ದಪ್ಪ ರಬ್ಬರ್ ಪೈಪನ್ನು ಎರಡೂ ಕೈಯಲ್ಲಿ ತಿರುಚಿ ಕಿತ್ತರು. ಇವರು ಹೆಗಲ ಮೇಲಿನ ಟವಲು ಕೊಡಲು ಹೋದರು.

"ಬಟ್ಟೆ ಕೊಟ್ರೆ ನುಂಗ್ಬುಡ್ತದೆ. ಮಣೆ ಕೊಡ್ಲಾ, ಮಣೆ."

ಇವರು ಡಿಕ್ಕಿಯಿಂದ ಮಣೆ ತಂದರು. ಮಾವ ಅದನ್ನು ಪೈಪಿನ ಬಾಯಿಗೆ ಒತ್ತಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರು. ಎಂಜಿನ್ ಮಣೆಯನ್ನು ಎಳೆದುಕೊಂಡಿತು. ಕಾರು ಎರಡು ಸಲ ಒದರಿಕೊಂಡಿತು, ಕೆಮ್ಮಿತು, ನಿಂತಿತು.

ಆಮೇಲಿನ ಮೌನ ನನಗೆ ಸದ್ದಿಗಿಂತ ಹೆಚ್ಚಾಗಿ ನೆನಪಿದೆ. ಎಲ್ಲೋ ಒಂದು ಮಂಗ ಕೊಂಬೆಯಿಂದ ಕೊಂಬೆಗೆ ಹಾರಿದ್ದು ಕೇಳಿಸಿತು. ಮಾವನ ಎಡಗೈಯ ಮೇಲಿನ ಚರ್ಮ ಸುಟ್ಟು ಬೆಳ್ಳಗಾಗಿ ಎದ್ದಿತ್ತು. ಅವರು ಅದನ್ನು ನೋಡಿಕೊಳ್ಳಲಿಲ್ಲ. ಇವರ ಕಡೆ ತಿರುಗಿ, "ತೆಪ್ಪಾಯ್ತು ಅಳಿಮಯ್ಯ, ಗಾಬ್ರೀಲಿ ನಿಮ್ಗೆ ಲಾ ಅಂದ್ಬುಟ್ಟೆ" ಎಂದರು.

ಅರ್ಧ ಗಂಟೆಯ ಮೇಲೆ ಬಸ್ಸು ಬಂತು. ತಾಳವಾಡಿಗೆ ಟಿಕೆಟ್ ಏಳು ರೂಪಾಯಿ. ಸುಟ್ಟ ಕೈ ನೋಡಿ ಕಂಡಕ್ಟರ್ ಮಾವನಿಗೆ ಟಿಕೆಟ್ ಹರಿಯಲಿಲ್ಲ. ತೊಟ್ಟಿಲು ನಮ್ಮನ್ನು ಬಿಟ್ಟೇ ನಡೆಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಾವನ ಕೈಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿಸುವ ಹೊತ್ತಿಗೆ ಇವರು ಕಾರನ್ನು ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಸಂಜೆ ಪಣಕಹಳ್ಳಿಯ ಜಗಲಿ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು, ಗುರುಮಲ್ಲಪ್ಪ ಇಲ್ಲದಿದ್ದರೆ ಏನು ಗತಿ. ಮಾವ ತಲೆ ಎತ್ತಲಿಲ್ಲ. ಸಂಕೋಚ ಎಂದುಕೊಂಡೆ. ಆ ರಾತ್ರಿ ಯಾರದೋ ತೋಟದ ಪಂಪ್‌ಸೆಟ್ ಶುರುವಾದಾಗ ಕಾವ್ಯ ಚೀರಿ ಎದ್ದಳು. ಇವರು ಮೊದಲೇ ಎದ್ದು ಕೂತಿದ್ದರು. ಅಂಗಳದಲ್ಲಿ ಮಾವ ಓಡಾಡುವ ಸದ್ದು ಬೆಳಗಿನವರೆಗೂ ಕೇಳಿಸಿತು.

ಸೋಮವಾರ ತಾಳವಾಡಿಯ ಮೆಕ್ಯಾನಿಕ್ ಸೆಲ್ವಂ ತನ್ನ ಶೆಡ್ಡಿನಲ್ಲಿ ಗಾಡಿ ಬಿಚ್ಚಿದ. ಮೂವತ್ತರ ಆಸುಪಾಸಿನವನು, ಮಾತು ಕಮ್ಮಿ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಪುಟ್ಟ ರೆಕ್ಕೆಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದ. ಅದು ಸಡಿಲ ಹಲ್ಲಿನಂತೆ ಆಡುತ್ತಿತ್ತು.

"ಎಣ್ಣೆ ತಡೆಯೋ ಈ ಸೀಲ್ ಓಗಿ ಎಣ್ಣೆ ಒಳಗೆ ನುಗ್ಗೈತೆ ಸಾರ್. ಆ ಎಣ್ಣೇನೇ ಕುಡ್ಕೊಂಡು ಓಡೈತೆ. ಅದ್ಕೆ ಡೀಸೆಲ್ ಬೇಕಿಲ್ಲ, ನಿಮ್ ಕೀನೂ ಬೇಕಿಲ್ಲ."

"ಹೊಸ ಎಂಜಿನ್ನೇ ಹಾಕಿಬಿಡಪ್ಪ" ಎಂದರು ಇವರು. ಮೈಸೂರಿನ ಮೆಕ್ಯಾನಿಕ್ಕಿಗೆ ಬೂತಿನಿಂದ ಫೋನ್ ಮಾಡಿ ಬಂದಿದ್ದರು. ಹೀಗೆ ಒಮ್ಮೆ ಓಡಿದ ಎಂಜಿನ್ ನಂಬಬೇಡಿ, ಬೇರೆ ಗಾಡಿಯದು ಕೂರಿಸಿ ಎಂದು ಆತ ಹೇಳಿದ್ದ.

ಸೆಲ್ವಂ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿ ನೋಡಿದ. ಸಲೀಸಾಗಿ ತಿರುಗಿತು. ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿ, ಹಳೆಯ ಬಿಳಿ ಪಂಚೆಯಲ್ಲಿ ಸೋಸಿದ. ಲೋಹದ ಚೂರು ಇರಲಿಲ್ಲ. ಆದರೆ ಎಣ್ಣೆ ಅಳೆದವನ ಮುಖ ಗಂಟಾಯಿತು. ಅಷ್ಟು ಸುಟ್ಟ ಮೇಲೂ ಇರಬೇಕಾದ್ದಕ್ಕಿಂತ ಒಂದು ಲೀಟರ್ ಹೆಚ್ಚಿತ್ತು.

"ಎಷ್ಟು ಆಕಿದ್ರಿ ಸಾರ್?"

"ಅರ್ಧ ಲೀಟರ್. ಗೆರೆ ನೋಡಿಯೇ ಹಾಕಿದ್ದು."

"ಬೇರೆ ಯಾರೂ ಆಕಿಲ್ವಾ?"

"ಯಾರು ಹಾಕ್ತಾರೆ?"

ಸೆಲ್ವಂ ಕೈ ಒರೆಸಿಕೊಂಡ. "ಯಾರೂ ಆಕ್ದೆ ಎಣ್ಣೆ ಮೇಲಕ್ಕೆ ಬಂದಿದ್ರೆ, ಗಾಡಿ ಡೀಸೆಲ್ ಪಂಪಿಂದ ಡೀಸೆಲ್ ಸೋರಿ ಎಣ್ಣೆಗೆ ಇಳೀತಾ ಐತೆ ಅಂತ ಅರ್ಥ. ತೆಳ್ಳಗಾದ ಎಣ್ಣೇಲಿ ಎಷ್ಟು ದಿವ್ಸ ಓಡೈತೋ, ಒಳ್ಗೆ ಎಲ್ಲಾ ತೇಯ್ದಿರ್ತದೆ. ಅಂಗಾದ್ರೆ ಎಂಜಿನ್ ಬದ್ಲಾಯ್ಸೋದೇ ಸರಿ. ಯಾರೋ ಆಕಿದ್ರೆ ಟರ್ಬೊ ಒಂದೇ." ಎಣ್ಣೆಯನ್ನು ಮೂಸಿ ನೋಡಿದ. ಆ ಶೆಡ್ಡಿನಲ್ಲಿ ಎಲ್ಲವೂ ಡೀಸೆಲ್ ವಾಸನೆಯೇ. "ನಾಳೆ ಒಂದು ಮಾತು ಏಳಿ."

ಹಳೆಯ ಟೈರಿನ ಮೇಲೆ ಪಟ್ಟಿ ಕಟ್ಟಿದ ಕೈ ಇಟ್ಟುಕೊಂಡು ಮಾವ ಕೂತಿದ್ದರು. ನಾನು ಅವರನ್ನು ನೋಡಲಿಲ್ಲ. ನನ್ನ ಎರಡು ಮಾತಿನ ಮೇಲೆ ಆ ಎಂಜಿನ್ ಉಳಿಯುವುದೋ ಹೋಗುವುದೋ ನಿಂತಿತ್ತು. ಆ ಎರಡು ಮಾತು ಆಡಿದರೆ, ನಮ್ಮನ್ನು ಉಳಿಸಿದ ಮನುಷ್ಯನೇ ನಮ್ಮನ್ನು ಆ ಹೊಗೆಯಲ್ಲಿ ಕೂರಿಸಿದ್ದು ಎಂದಾಗುತ್ತಿತ್ತು. ಬಾನೆಟ್ ತೆಗೆದುಕೊಟ್ಟವಳು ನಾನೆಂಬುದು ಅದರ ಹಿಂದೆಯೇ ಬರುತ್ತಿತ್ತು. ಬಾಯಿ ಬಿಡಲಿಲ್ಲ. ಆ ರಾತ್ರಿ ಕಣ್ಣು ಮುಚ್ಚಿದಾಗಲೆಲ್ಲ ಕೈ ಬಾಗಿಲಿನ ಹಿಡಿ ಎಳೆಯುತ್ತಿತ್ತು.

ಮಂಗಳವಾರ ಬೆಳಕು ಹರಿಯುವಾಗ ಕೋಸಿನ ಹೊಲದಲ್ಲಿ ಪಂಪ್‌ಸೆಟ್ಟಿನ ಹತ್ತಿರ ಮಾವ ಸಿಕ್ಕರು. ಅದನ್ನು ಶುರು ಮಾಡಿರಲಿಲ್ಲ.

"ಮಾವ, ಅವತ್ತು ನೀವು ಎಣ್ಣೆ ಹಾಕಿದ್ದು..."

"ಗೊತ್ತು ಕಣವ್ವ."

ಮಾವ ಪಟ್ಟಿ ಕಟ್ಟಿದ ಕೈಯನ್ನು ಪಂಪ್‌ಸೆಟ್ಟಿನ ಮೇಲೆ ಇಟ್ಟರು.

"ಈ ಪಂಪ್‌ಸೆಟ್ಟು ಎಲ್ಡು ಸತಿ ಅಂಗೇ ಓಡೈತೆ. ಎಲ್ಡು ಸತೀನೂ ಎಣ್ಣೆ ಎಚ್ಚಾಗಿತ್ತು. ಅಲ್ದಿದ್ರೆ ಗಾಳಿ ಮುಚ್ಬೇಕು ಅಂತ ನಂಗೇನ್ ಕನ್ಸು ಬಿದ್ದಿತ್ತಾ? ಪೈಪು ಕಿತ್ತಾಗ್ಲೇ ಗೊತ್ತಾಯ್ತು, ನಾ ಉಯ್ದದ್ದೇ ಅಂತ." ಹೊಲದ ಕಡೆ ತಿರುಗಿ, "ನೀ ಏಳ್ತಿ ಅಂತ ಕಾದೆ. ಜನ ಒಗಳ್ತಾವ್ರೆ, ಬಾಯಿ ಬರಾಕಿಲ್ಲ ಕಣವ್ವ" ಎಂದರು.

"ಮುಚ್ಚಳ ತೋರಿಸಿದ್ದು ನಾನಲ್ವಾ ಮಾವ?"

"ನೀ ತೋರ್ಸಿದ್ದು ಬಾಯಿ. ಅಳ್ತೆ ನಂದು."

ಎಂಟು ಗಂಟೆಯ ಬಸ್ಸಿಗೆ ಇವರು, ಮಾವ, ನಾನು ಶೆಡ್ಡಿಗೆ ಹೋದೆವು. ಸೆಲ್ವಂ ಕೇಳುವ ಮೊದಲೇ ಮಾವ ಹೇಳಿದರು. "ಎಲ್ಡು ಲೀಟ್ರು ನಾನೇ ಉಯ್ದಿದ್ದು ಕಣಪ್ಪ. ಡೀಸೆಲ್ಲೂ ಇಲ್ಲ, ಏನೂ ಇಲ್ಲ. ಎಂಜಿನ್ ಮೇಲೆ ತೆಪ್ಪು ಒರಿಸ್ಬೇಡಿ." ನಾನು ಬಾನೆಟ್ ತೆಗೆದುಕೊಟ್ಟೆ ಎಂದೆ. ಇವರು ನನ್ನನ್ನು ನೋಡಿದರು, ಮಾವನ ಪಟ್ಟಿ ನೋಡಿದರು. ಎದ್ದು ರಸ್ತೆಗೆ ಹೋದರು. ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ಸು ಬರುವಷ್ಟು ಹೊತ್ತು ನಾವು ಕಾದೆವು. ಮಾವ ಎದ್ದೇ ನಿಂತಿದ್ದರು.

ಬಂದವರು ಸೆಲ್ವಂಗೆ, "ಟರ್ಬೊ ತರಿಸಪ್ಪ. ಎಂಜಿನ್ ಇರಲಿ" ಎಂದರು. ಆಮೇಲೆ ಮಾವನಿಗೆ, "ಕೂತ್ಕೊಳಿ ಮಾವ" ಎಂದರು. ಅಂದು ಅವರಿಬ್ಬರ ನಡುವೆ ಅಷ್ಟೇ ಮಾತು.

ಟರ್ಬೊದ ಒಳಭಾಗ ಗುರುವಾರ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಬಂತು. ಪೈಪುಗಳ ಒಳಗೆ ನಿಂತಿದ್ದ ಎಣ್ಣೆಯನ್ನೆಲ್ಲ ಸೆಲ್ವಂ ತೊಳೆದ, ಹೊಸ ಎಣ್ಣೆಯನ್ನು ಗೆರೆಗೆ ಒಂದು ಕೂದಲು ಕೆಳಗೇ ನಿಲ್ಲಿಸಿದ. ನಾನು ಹೇಳಿದ್ದಕ್ಕೆ ಹಿಂದಿನ ಬಾಗಿಲುಗಳ ಲಾಕನ್ನೂ ತೆಗೆದುಹಾಕಿದ. ಶುಕ್ರವಾರ ದೊಡ್ಡಗಾಜನೂರಿನವರೆಗೆ ಓಡಿಸಿ ನೋಡಬೇಕಿತ್ತು. ಇವರು ಸ್ಟೇರಿಂಗ್ ಹಿಡಿದು ಕೂತರು, ಸ್ಟಾರ್ಟ್ ಮಾಡಲಿಲ್ಲ. ಮಾವ ಕೇಳದೆಯೇ ಪಕ್ಕದಲ್ಲಿ ಹತ್ತಿ ಕೂತು, ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅದು ಯಾಕೆ ಮಾವ?"

"ಇರ್ಲಿ ಬುಡಿ ಅಳಿಮಯ್ಯ. ಇದ್ನ ಕಂಡ್ರೆ ಅದ್ಕೂ ಒಸಿ ಭಯ ಇರ್ತದೆ."

ಆ ವಾರದಲ್ಲಿ ಇವರು ನಕ್ಕಿದ್ದು ಅದೊಂದೇ ಸಲ. ಹೋಗಿ ಬರುವಾಗ ಪ್ರತಿ ಕಿಲೋಮೀಟರಿಗೂ ನಿಲ್ಲಿಸಿ ಕೀ ತಿರುಗಿಸಿ ನೋಡಿದರಂತೆ. ಪ್ರತಿ ಸಲವೂ ನಿಂತಿತಂತೆ.

ಶನಿವಾರ ಮೈಸೂರಿಗೆ ವಾಪಸ್ಸಾದೆವು. ಮಣೆ ನಮ್ಮ ಜೊತೆ ಬರಲಿಲ್ಲ. ಮಾವ ಅದನ್ನು ಬಸ್ಸಿನಲ್ಲೇ ಜೀರಹಳ್ಳಿಗೆ ಒಯ್ದರು. ಅದರ ನಡುವೆ ಪೈಪಿನ ಬಾಯಿಯಷ್ಟು ಅಗಲದ ಕಪ್ಪು ಬಳೆಯೊಂದು ಕೂತಿದೆ. ರಾಜಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದಳಂತೆ, ಬೂದಿ ಹಾಕಿ ತಿಕ್ಕಿದಳಂತೆ, ಹೋಗಿಲ್ಲ. ಅದರ ಮೇಲೆ ಕೂತೇ ಮಗುವಿಗೆ ನೀರು ಹಾಕುತ್ತಾಳೆ.

ಮನೆಯಲ್ಲೂ ನಾಲ್ಕು ರಾತ್ರಿ ಹಾಗೇ ಕಳೆದವು. ಲಾರಿ ಹೋದರೆ ಎದ್ದು ಕೂರುವುದು, ಒಬ್ಬರು ಎದ್ದರೆ ಮೂವರೂ ಏಳುವುದು. ಐದನೆಯದು ಬುಧವಾರದ ರಾತ್ರಿ. ಗುರುವಾರ ನಾನು ಕಣ್ಣು ಬಿಟ್ಟಾಗ ಹಾಲಿನವನು ಬಾಗಿಲು ಬಡಿಯುತ್ತಿದ್ದ. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಇವರು ಬೋರಲು ಮಲಗಿ ಗೊರಕೆ ಹೊಡೆಯುತ್ತಿದ್ದರು. ಕಾವ್ಯಳ ಕೈಗಳು ಕಿವಿಯ ಮೇಲಿರಲಿಲ್ಲ.

ಹಾಲು ಒಳಗಿಟ್ಟು ಪಣಕಹಳ್ಳಿಗೆ ಫೋನ್ ಮಾಡಿದೆ. ಅತ್ತೆ ಎತ್ತಿದರು. ಮಾವನಿಗೆ ಕೊಡಿ ಎಂದೆ. ಅತ್ತೆ ದನಿ ತಗ್ಗಿಸಿದರು.

"ಇನ್ನೂ ಎದ್ದಿಲ್ಲ ಕಣವ್ವ. ಅಸ ಕರಿಯಾಕೆ ಕೊಟ್ಗೆಗೆ ನಾನೇ ಓದೆ. ಎಬ್ಬಿಸ್ಲಾ?"

ಬೇಡ ಅತ್ತೆ, ಮಲಗಲಿ ಎಂದೆ.