ತಲೆಬಾಗಿಲು ದಾಟದೆ ಬಂದ ಸುದ್ದಿ

ನಾನು ಸುಲಭಕ್ಕೆ ಏನನ್ನೂ ನಂಬುವವನಲ್ಲ. ಗಾಳಿ ಸೋಕಿತು, ಕನಸಿನಲ್ಲಿ ಹಿರಿಯರು ಬಂದು ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ‘ಹಿರೇರಿಗೆ ಬ್ಯಾರೆ ಉದ್ಯೋಗ ಇಲ್ಲೇನ್ರಿ?’ ಎಂದು ನಡುವೆಯೇ ಬಾಯಿ ಹಾಕುತ್ತಿದ್ದೆ. ನನ್ನ ಕಸುಬೂ ಅಂಥದ್ದೇ. ಕಂಪ್ಯೂಟರ್ ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಏನಾದರೂ ಕೆಟ್ಟರೆ ಕಾರಣ ಎಲ್ಲೋ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈಗ ಹೇಳಹೊರಟಿರುವುದು ಹುಡುಕಿದರೂ ಕಾರಣ ಸಿಗದ ಸಂಗತಿ. ನೀವು ನಕ್ಕರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಇಳಕಲ್ಲಿನಲ್ಲಿ ಒಂದು ಕೋಣೆ ಹಿಡಿದು ನಾನು ಮಂದಿಯ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಆಗ ನನ್ನ ಸರ್ವರಿನಲ್ಲಿ ಊರಿನದೇ ಒಂದು ಸೀರೆ ಅಂಗಡಿ, ಬಾದಾಮಿಯ ಒಂದು ಲಾಡ್ಜು, ಕಲಾದಗಿಯ ಒಬ್ಬರ ದಾಳಿಂಬೆ ತೋಟ ಇದ್ದವು. ಇವುಗಳ ಜೊತೆ ಇನ್ನೊಂದು, ನಮ್ಮ ಅವ್ವನದು.

ಅವ್ವ ಕಳೆದುಹೋಗಿದ್ದಳು. ವಯಸ್ಸಾದಂತೆ ಮರೆವು ಹತ್ತಿ, ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಶ್ರಾವಣದ ಒಂದು ಶನಿವಾರ ನನ್ನ ಅಕ್ಕ ಶಾಂತಕ್ಕ ಅವಳನ್ನು ತುಳಸಿಗೇರಿ ಹಣಮಪ್ಪನ ಗುಡಿಗೆ ಕರೆದುಕೊಂಡು ಹೋಗಿದ್ದಳು. ಕಾಯಿ ಕೊಡಲೆಂದು ಅಕ್ಕ ಅವಳ ಕೈ ಬಿಟ್ಟಳು. ತಿರುಗಿ ನೋಡುವಷ್ಟರಲ್ಲಿ ಅವ್ವ ಇರಲಿಲ್ಲ. ಪೊಲೀಸರು, ಪೇಪರು, ದವಾಖಾನೆ, ಮಠ ಎಲ್ಲ ಆಯಿತು. ಕೊನೆಗೆ ನಾನು ಅವಳ ಫೋಟೋ ಹಾಕಿ, ಕಂಡವರು ತಿಳಿಸಿ ಎಂದು ಒಂದು ಪುಟ ಮಾಡಿದೆ. ವರ್ಷಗಳು ಕಳೆದವು. ಬಂಧುಗಳು ಫೋಟೋಕ್ಕೆ ಮಾಲೆ ಹಾಕಿಬಿಡಿ ಎನ್ನತೊಡಗಿದರು. ಅಕ್ಕ ಒಪ್ಪಲಿಲ್ಲ. ‘ಸತ್ತಾಳಂತ ಯಾರ್ ಕಂಡೀರಿ?’ ಎಂದು ಬಂದವರೆಲ್ಲರ ಬಾಯಿ ಮುಚ್ಚಿಸಿದಳು. ಆ ಪುಟಕ್ಕೆ ಅಷ್ಟರಲ್ಲಿ ದಿನಕ್ಕೆ ಒಬ್ಬರೂ ಬರುತ್ತಿರಲಿಲ್ಲ. ಮೊದಮೊದಲು ಸುಳ್ಳು ಸುದ್ದಿ ಕಳಿಸುತ್ತಿದ್ದವರಿಗೂ ಬೇಸರ ಬಂದಿತ್ತು.

ಹಳೆಯ ಸರ್ವರ್ ನಿಧಾನವಾಗಿತ್ತೆಂದು ಒಂದು ದಿನ ಎಲ್ಲವನ್ನೂ ಹೊಸದಕ್ಕೆ ಸಾಗಿಸಲು ಕೂತೆ. ಸರ್ವರ್ ಎಂದರೆ ಹಳೆಯ ವಾಡೆ ಇದ್ದ ಹಾಗೆ. ಹೊರಗಿನವರಿಗೆ ಒಂದೇ ತಲೆಬಾಗಿಲು, ಒಳಗೆ ಹಲವು ಕೋಣೆ. ಬಂದವರು ಯಾರ ಹೆಸರು ಹೇಳುತ್ತಾರೋ ಅವರ ಕೋಣೆಗೆ ಬಾಗಿಲಲ್ಲಿ ಇದ್ದವನು ಕಳಿಸಬೇಕು. ಯಾರನ್ನು ಎಲ್ಲಿಗೆ ಕಳಿಸಬೇಕೆಂದು ಅವನಿಗೆ ಬರೆದುಕೊಡುವುದೇ ನನ್ನ ಕೆಲಸ. ಗೊತ್ತಿಲ್ಲದ ಹೆಸರು ಹೇಳಿದರೆ ಅವನು ಸುಮ್ಮನೆ ಮೊದಲು ಬರೆದ ಕೋಣೆಗೆ ತಳ್ಳುತ್ತಾನೆ.

ಹೊಸ ಯಂತ್ರ ಇದ್ದದ್ದು ಎಲ್ಲೋ ದೂರದ ಊರಿನಲ್ಲಿ. ಆದರೂ ಹೊಸದನ್ನು ಹಾಗೇ ಶುರು ಮಾಡಬಾರದೆಂದು ಅಕ್ಕ ನನ್ನ ಲ್ಯಾಪ್‌ಟಾಪಿಗೇ ವಿಭೂತಿ ಹಚ್ಚಿ, ಕಾಯಿ ಒಡೆದಳು. ‘ಮನ್ಯಾಗಿನ ಹಿರೇರದು ಮೊದಲ, ಗಿರಾಕಿಗೋಳದು ಆಮ್ಯಾಲೆ. ಅವ್ವಂದ ಮೊದಲ ಬರಿ,’ ಅಂದಳು. ಬರೆದೆ. ಉಳಿದ ಮೂವರ ಹೆಸರು ಬರೆಯುವಾಗ, ತಲೆಯಲ್ಲಿ ಏನಿತ್ತೋ, ಒಂದೊಂದರಲ್ಲೂ ಕೊನೆಯ ‘ಡಾಟ್ ಕಾಮ್’ ಬಿಟ್ಟುಹೋಯಿತು.

ಚಾಲೂ ಮಾಡಿ ಚಹಾ ಕುಡಿಯುವಷ್ಟರಲ್ಲಿ ಸೀರೆ ಅಂಗಡಿಯವರ ಫೋನು. ‘ಏನ್ರೀ ಸರ, ಸೀರಿ ನೋಡೂಣಂತ ತೆಗದ್ರ ಯಾರೋ ಅಜ್ಜಿ ಫೋಟೋ ಬರಾಕತ್ತೈತಿ! ಯಾಪಾರ ಮಾಡೂದೋ ಬ್ಯಾಡೋ?’ ಅವರ ಹಿಂದೆಯೇ ಬಾದಾಮಿಯವರು ಬೈದರು. ಕೋಣೆ ಕಾಯ್ದಿರಿಸಲು ಬಂದವರಿಗೂ ದಾಳಿಂಬೆ ಕೇಳಿದವರಿಗೂ ಅವ್ವನೇ ಕಾಣುತ್ತಿದ್ದಳು. ನಾನು ಹಣೆ ಬಡಿದುಕೊಂಡು ತಿದ್ದಲು ಕೂತೆ. ಅಕ್ಕ ಕೈ ಹಿಡಿದಳು.

‘ಇರ್ಲಿ ಬಿಡೋ ತಮ್ಮಾ, ಸಂಜೀತನಕ ಇರ್ಲಿ. ಸೀರಿ ನಾಳೆ ಕೊಂಡ್ರಾತು. ನಾಕ್ ಮಂದಿ ಅವ್ವನ್ನ ನೋಡ್ಲಿ.’

ಅವಳ ಮುಖ ನೋಡಿ ತಿದ್ದುವುದನ್ನು ಸಂಜೆಗೆ ಬಿಟ್ಟೆ. ಗಿರಾಕಿಗಳ ಬೈಗುಳ ತಿನ್ನುತ್ತ ಕೂತೆ.

ಬಿಸಿಲು ನೆತ್ತಿಗೆ ಬಂದಾಗ ಅವ್ವನ ಪುಟಕ್ಕೆ ಒಂದು ಸುದ್ದಿ ಬಂತು. ಕಳಿಸಿದವರ ಹೆಸರಿಲ್ಲ, ಫೋನ್ ನಂಬರಿಲ್ಲ. ಹೀಗಿತ್ತು: ‘ಗುಬ್ಬವ್ವಗ ಹೇಳ್ರಿ. ಕಮತಗಿ ಬಸ್ ಸ್ಟ್ಯಾಂಡಿನ್ಯಾಗ ಕುಂತೇನಿ. ಬಿಸಿಲು ಭಾಳ ಐತಿ.’

ಗುಬ್ಬವ್ವ ಎಂದರೆ ಅಕ್ಕ. ಹಾಗೆ ಅವಳನ್ನು ಕರೆಯುತ್ತಿದ್ದದ್ದು ಅವ್ವ ಒಬ್ಬಳೇ. ಆ ಹೆಸರನ್ನು ನಾವು ಎಲ್ಲೂ ಹಾಕಿರಲಿಲ್ಲ, ಪೊಲೀಸರಿಗೂ ಹೇಳಿರಲಿಲ್ಲ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಕೂತ ಯಾರೋ ಪುಣ್ಯವಂತರು, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿರಬಹುದಲ್ಲ! ಅಕ್ಕ ಅಳಲಿಲ್ಲ. ಓಡಿಹೋಗಿ ರೊಟ್ಟಿ, ನಂಚಿಕೊಳ್ಳಲು ಗುರೆಳ್ಳು ಹಿಂಡಿ ಕಟ್ಟಿಕೊಂಡು, ಕಪಾಟಿನಿಂದ ಅವ್ವನ ಒಂದು ಸೀರೆ ತೆಗೆದುಕೊಂಡು ಬಂದು ಗಾಡಿಯ ಹಿಂದೆ ಕೂತಳು. ಹುನಗುಂದ ದಾಟುವವರೆಗೆ ‘ಜಲ್ದಿ ಹೊಡಿಯೋ’ ಎಂಬುದೊಂದೇ ಮಾತು.

ಕಮತಗಿಯಲ್ಲಿ ಅವ್ವ ಇರಲಿಲ್ಲ. ಬಸ್ ಸ್ಟ್ಯಾಂಡಿನ ಪ್ರತಿ ಕಲ್ಲುಬೆಂಚು ನೋಡಿದೆವು, ಓಣಿ ಓಣಿ ತಿರುಗಿದೆವು. ಫೋಟೋ ತೋರಿಸಿದರೆ ಚಹಾದಂಗಡಿಯವಳು ಬಹಳ ಹೊತ್ತು ನೋಡಿದಳು. ‘ದಿನಾ ಎಷ್ಟೋ ಮಂದಿ ಬಂದು ಕುಂದರ್ತಾರವ್ವಾ. ನೋಡೀನಂದ್ರ ಸುಳ್ಳಾಕ್ಕೈತಿ, ನೋಡಿಲ್ಲಂದ್ರೂ ಸುಳ್ಳಾಕ್ಕೈತಿ,’ ಅಂದಳು. ಹೊತ್ತು ಮುಳುಗುವ ತನಕ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಅಕ್ಕ ಎದ್ದು ಹೋದಳು. ಆಮೇಲೆ ಏಳಲಿಲ್ಲ. ಬುತ್ತಿ ಬಿಚ್ಚಲಿಲ್ಲ. ನಾನು ಎಬ್ಬಿಸಿ ಕರೆತಂದೆ.

ಮರುದಿನ ಹೆಸರುಗಳನ್ನು ತಿದ್ದಿ, ಆ ಸುದ್ದಿ ಎಲ್ಲಿಂದ ಬಂತೆಂದು ನೋಡಲು ಕೂತೆ. ಕಳಿಸಿದವನು ಸಿಕ್ಕರೆ ಕಾಲು ಹಿಡಿಯಬೇಕು, ಕಿಡಿಗೇಡಿಯಾಗಿದ್ದರೆ ಕಪಾಳಕ್ಕೆ ಬಿಗಿಯಬೇಕು ಎಂದುಕೊಂಡಿದ್ದೆ. ಒಳಗೆ ಬಂದ ಪ್ರತಿಯೊಬ್ಬರನ್ನೂ ತಲೆಬಾಗಿಲು ಗುರುತು ಇಟ್ಟುಕೊಳ್ಳುತ್ತದೆ. ಸೀರೆ ಕೇಳಿದವರು, ಕೋಣೆ ಕೇಳಿದವರು, ಎಲ್ಲರೂ ಇದ್ದರು. ಸುದ್ದಿ ಬಂದ ಹೊತ್ತಿನಲ್ಲಿ ಮಾತ್ರ ಯಾರೂ ಬಂದಿರಲಿಲ್ಲ. ಹೊರಗಿನಿಂದ ಆ ಕೋಣೆಗೆ ಬೇರೆ ದಾರಿಯೇ ಇಲ್ಲ. ನಾನೇ ಕಟ್ಟಿದ್ದು, ನನಗೆ ಗೊತ್ತು. ಜೊತೆಗೆ, ಫೋನ್ ನಂಬರ್ ಹಾಕದಿದ್ದರೆ ಆ ಪುಟ ಸುದ್ದಿಯನ್ನು ತೆಗೆದುಕೊಳ್ಳುವುದೇ ಇಲ್ಲ. ನನಗಿಂತ ಬಲ್ಲವರಿಗೆ ತೋರಿಸಿದೆ. ಅವರು ನಾಲ್ಕು ಕಾರಣ ಹೇಳಿ, ನಾಲ್ಕನ್ನೂ ತಾವೇ ತಳ್ಳಿಹಾಕಿ, ‘ನಿದ್ದಿ ಮಾಡ್ರಿ’ ಎಂದು ಫೋನ್ ಇಟ್ಟರು.

ಇದನ್ನು ಅಕ್ಕನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಅವಳಿಗೆ ಆ ಸುದ್ದಿ ಎಂದರೆ ಅವ್ವ ಬದುಕಿದ್ದಾಳೆ ಎಂದು. ನನಗೆ ಏನೆಂದು ಇವತ್ತಿಗೂ ತಿಳಿಯದು. ಅವ್ವನ ಪುಟ ಈಗಲೂ ಮೊದಲ ಕೋಣೆಯಲ್ಲೇ ಇದೆ, ದಾರಿ ತಪ್ಪಿದವರು ಈಗಲೂ ಅಲ್ಲಿಗೇ ಹೋಗುತ್ತಾರೆ. ಮತ್ತೆ ಒಂದು ಅಕ್ಷರವೂ ಬಂದಿಲ್ಲ. ಬರುತ್ತದೆಂಬ ಆಸೆ ನನಗಿಲ್ಲ.

ಮೊನ್ನೆ ಅಕ್ಕ ಬಂದು ನನ್ನ ಪಕ್ಕ ಕೂತಳು. ‘ಅವತ್ತು ಬಂದಿತ್ತಲ್ಲ, ಅದಕ್ಕ ನಾವು ಉತ್ತರ ಬರದೇ ಇಲ್ಲ ನೋಡು. ಬರಿ,’ ಅಂದಳು. ಅವಳು ಹೇಳಿದಂತೆ ಬರೆದೆ: ‘ಅವ್ವಾ, ನಾವು ಬಂದಿದ್ವಿ. ಬುತ್ತಿನೂ ತಂದಿದ್ವಿ. ನೀ ಇರ್ಲಿಲ್ಲ.’ ಕಳಿಸು ಎಂಬಲ್ಲಿ ಒತ್ತಿದೆ. ತಲುಪಿಸಲು ವಿಳಾಸವಿಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಅಕ್ಕನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

‘ಹೋತೇನೋ?’ ಎಂದು ಕೇಳಿದಳು.

‘ಹೋತಕ್ಕಾ,’ ಅಂದೆ.