ಶಿವಮ್ಮನ ಒಂದು ಇಂಗ್ಲಿಷ್ ಸಾಲು

ಪೋತ್ನಾಳದ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ಪದ್ಯ ಪಾಠ ಮಾಡುತ್ತಿದ್ದೆ. ತಾಯಿ ಬೇಸಿಗೆಯ ಬಿಸಿಲಿನಂಥವಳು ಅಂತ ಕವಿ ಹೊಗಳಿದ್ದ. ಎಂದೂ ಬಾಯಿ ಬಿಡದ ಶಿವಮ್ಮ ಎದ್ದು ನಿಂತಳು.

"ಸರ್, ನಮ್ಮವ್ವಗ ಹಂಗ ಅನಬ್ಯಾಡ್ರಿ. ಗದ್ದ್ಯಾಗ ನೆಲ್ಲು ಹಚ್ಚಾಕ ಹೋಗ್ತಾಳ, ಬಿಸಿಲು ದಿನಾ ಆಕಿನ್ನ ಸುಟ್ಟು ಕಳಸ್ತದ."

ಕ್ಲಾಸೆಲ್ಲ ನಕ್ಕಿತು. ಅವಳ ಕಣ್ಣು ತುಂಬಿತು. ಕವಿಯ ಊರಲ್ಲಿ ಚಳಿ ಜಾಸ್ತಿ, ಅಲ್ಲಿ ಬಿಸಿಲೇ ಸುಖ ಎಂದು ವಿವರಿಸಿ, "ಹಂಗಾದ್ರ ನಿಮ್ಮವ್ವ ಏನಿದ್ದಂಗ? ಇಂಗ್ಲಿಷಿನಾಗ ನೀನ ಬರಿ" ಎಂದೆ. ಬಹಳ ಹೊತ್ತು ಯೋಚಿಸಿ ಬೋರ್ಡಿನ ಮೇಲೆ ಬರೆದಳು: "ಮೈ ಮದರ್ ಈಸ್ ನೀಮ್ ಟ್ರೀ ಶ್ಯಾಡೋ."

ಮರದ ತಂಪು ನೆರಳಿಗೆ ಶ್ಯಾಡೋ ಅನ್ನುವುದಿಲ್ಲ, ಶೇಡ್ ಅನ್ನಬೇಕು. ತಿದ್ದಲು ಡಸ್ಟರ್ ಎತ್ತಿದವನು ಸುಮ್ಮನೆ ಕೆಳಗಿಟ್ಟೆ.

ಪಾಲಕರ ಸಭೆಗೆ ಅವಳ ಅವ್ವ ಬಂದಾಗ ಆ ಸಾಲು ಹೇಳಿದೆ, ಕನ್ನಡದಲ್ಲಿ ಅರ್ಥವನ್ನೂ ಬಿಡಿಸಿದೆ: ನಿಮ್ಮ ಮಗಳಿಗೆ ನೀವು ಬೇವಿನ ಮರದ ನೆರಳಂತ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ಇಂಗ್ಲಿಷ್ ಬರೋಬರಿ ಬರದಾಳೇನ್ರಿ?"

"ಒಂದೂ ತಪ್ಪಿಲ್ಲ ಬಿಡವ್ವಾ" ಎಂದೆ.

"ಇನ್ನೊಮ್ಮೆ ಹೇಳ್ರಿ ಸರ."

ಇನ್ನೊಮ್ಮೆ ಹೇಳಿದೆ.

ಶಿವಮ್ಮನಿಗೆ ಶೇಡ್ ಅನ್ನುವ ಶಬ್ದ ಕಲಿಸಿದ್ದು ನಿಜ. ಆದರೆ ಅವಳ ಅವ್ವ ಹತ್ತಿದ ಬಸ್ಸು ತಿರುವು ದಾಟಿದ ಮೇಲೆ.