ಕಾಂಗಡಾದಲ್ಲಿ ಸಿಕ್ಕ ಬೀಸುಕಲ್ಲು

ಹಿಮಾಲಯದ ಬುಡದ ಊರುಗಳಿಗೆ ನಾವು ನಾಲ್ವರು ಹೆಂಗಸರು ಹಾಡಲು ಹೋದೆವು. ಹಾನಗಲ್ಲಿನಿಂದ ನಾನು, ಶಿಗ್ಗಾಂವಿಯಿಂದ ಅಕ್ಕೋರು, ಸವಣೂರಿನಿಂದ ದಮ್ಮಡಿ ಬಾರಿಸುವವಳು, ಹಿರೇಕೆರೂರಿನಿಂದ ಭಜನೆಯವಳು. ಅಕ್ಕೋರು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಹಳೆಯ ಪದ ಹುಡುಕಿಕೊಂಡು ಊರೂರು ತಿರುಗುವುದು ಅವರ ಹುಚ್ಚು. ಅಲ್ಲಿನವರು ಬೇರೆ ಬೇರೆ ಸೀಮೆಯ ಹಾಡಿನವರನ್ನು ಕರೆಸಿ, ಹಗಲೆಲ್ಲ ತಮ್ಮ ಕೋಟೆ, ಗುಡಿ ತೋರಿಸಿ, ಸಂಜೆ ಹಾಡಿಸುತ್ತಾರೆ. ನೂರಪುರ, ಕಾಂಗಡಾ, ಪಾಲಂಪುರ, ಬೈಜನಾಥ, ಈ ಊರುಗಳು ನಮ್ಮ ಪಾಲಿಗೆ ಬಂದವು.

ಹೊರಡುವಾಗ ಸೊಸೆ ನಕ್ಕಳು. "ಅತ್ತಿ, ಮನ್ಯಾಗ ಟಿವಿ ಹಚ್ಚಿದಾಗ ನಾವು ನಿಮ್ಮ ಹಾಡು ಬಂದ್ ಮಾಡ್ರಿ ಅಂತೇವಿ. ಅವರು ನೋಡಿದ್ರ ರೈಲಿನ ತಿಕೀಟು ಕೊಟ್ಟು ಕರಸ್ಯಾರ!"

"ಅವರ ಮನ್ಯಾಗ ಟಿವಿ ಕೆಟ್ಟಿರಬೇಕು," ಎಂದೆ.

ನನ್ನದು ಬೀಸುವ ಪದ. ತವರಿಗೆ ಹೊರಟ ಹುಡುಗಿಯೊಬ್ಬಳನ್ನು ತುಂಬಿದ ಹೊಳೆ ನಡುನೀರಿನಲ್ಲಿ ತಡೆಯುತ್ತದೆ. ಬಳೆ ಕೊಡು, ಬಿಡುತ್ತೇನೆ ಅನ್ನುತ್ತದೆ. ಕೊಡುತ್ತಾಳೆ. ಓಲೆ ಕೊಡು ಅನ್ನುತ್ತದೆ, ಕೊಡುತ್ತಾಳೆ. ಹೀಗೆ ಮೈಮೇಲಿನದೆಲ್ಲ ಹೋಗುತ್ತದೆ. ಕೊನೆಗೆ ಅವಳು ತಿರುಗಿ ನಿಂತು ಹೊಳೆಯನ್ನೇ ಬೈಯುತ್ತಾಳೆ, ಹೊಳೆ ಹಿಂದೆ ಸರಿಯುತ್ತದೆ, ಅವಳು ದಾಟುತ್ತಾಳೆ. ಉದ್ದನೆಯ ಪದ. ಬೈಯುವ ಭಾಗ ಈಗ ನನ್ನೊಬ್ಬಳಿಗೇ ಬರುತ್ತದೆ. ಇದನ್ನು ಯಾರೂ ನನಗೆ ಕೂರಿಸಿ ಕಲಿಸಲಿಲ್ಲ. ನಸುಕಿನಲ್ಲಿ ಅವ್ವ ಬೀಸುವಾಗ ಎದುರು ಕೂತು ಗೂಟ ಹಿಡಿಯಬೇಕಾಗಿತ್ತು. ನಿದ್ದೆಗಣ್ಣಿನಲ್ಲಿ ಕಿವಿಗೆ ಬಿತ್ತು, ಉಳಿಯಿತು. ನನಗೆ ಅಕ್ಷರ ಬಂದದ್ದು ಬಸ್ಸಿನ ಬೋರ್ಡು ಓದುವಷ್ಟು. ಹಾಡಿಗೆ ಅಷ್ಟೂ ಬೇಕಾಗಿರಲಿಲ್ಲ.

ನಾವು ಮೂವರು ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದೆವು. ಸವಣೂರಿನವಳು ಯಲವಿಗಿಯಲ್ಲಿ ರೈಲು ಹತ್ತಿ ಅಲ್ಲಿ ಬಂದು ಕೂಡಿಕೊಂಡಳು, ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಯ ಗಂಟು ಬಗಲಲ್ಲಿ. ದಾರಿಯುದ್ದಕ್ಕೂ ಎಲೆ ಹಾಕುತ್ತಾ, ಹಿರೇಕೆರೂರಿನವಳ ಬಾಯಿ ಕೇಳುತ್ತಾ ದಿಲ್ಲಿ ದಾಟಿದೆವು. ಪಠಾಣಕೋಟೆಯಲ್ಲಿ ನಮಗಾಗಿ ಒಂದು ಟೆಂಪೊ ನಿಂತಿತ್ತು. ಅದರ ಡ್ರೈವರನಿಗೆ ನಮ್ಮ ಮಾತು ತಿಳಿಯದು, ನಮಗೆ ಅವನದು ತಿಳಿಯದು. ಸವಣೂರಿನವಳ ಮನೆಮಾತು ಉರ್ದು. ನಮ್ಮ ನಾಲ್ವರಿಗೂ ಅವಳದೇ ಬಾಯಿ.

ನೂರಪುರದಲ್ಲಿ ನನ್ನ ಹಾಡು ನಿಂತಿತು.

ಅಂಗಳದಲ್ಲಿ ಜನ ಕೂತಿದ್ದರು. ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಮೈಕು ಬಾಯಿಯ ಮುಂದೆ. ಎರಡು ಕೈ ಮಡಿಲಲ್ಲಿಟ್ಟುಕೊಂಡು ಶುರು ಮಾಡಿದೆ. ಬಳೆ ಕೊಟ್ಟಾಯಿತು. ಓಲೆ ಕೊಡುವಲ್ಲಿಗೆ ಬಂದೆ, ಮುಂದಿನ ಸೊಲ್ಲು ಇಲ್ಲ. ಮತ್ತೆ ಬಳೆಯಿಂದ ಹಿಡಿದೆ. ಅದೇ ಜಾಗದಲ್ಲಿ ಬಾಯಿ ಕಟ್ಟಿತು. ಮುಂದೆ ಕೂತ ಕೂಸೊಂದು ಆಕಳಿಸಿತು. ಹಿರೇಕೆರೂರಿನವಳು ನನ್ನ ಪಕ್ಕದಿಂದಲೇ ಒಂದು ಭಜನೆ ಎತ್ತಿಕೊಂಡಳು, ಸವಣೂರಿನವಳು ದಮ್ಮಡಿ ಬಡಿದಳು, ಜನ ಚಪ್ಪಾಳೆ ಹಾಕಿದರು. ನಾನು ಸುಮ್ಮನೆ ಕೂತು ಅವರ ಚಪ್ಪಾಳೆ ನೋಡಿದೆ.

ಮರುದಿನ ಟೆಂಪೊ ಹೊರಟ ಮೇಲೆ ಹಿರೇಕೆರೂರಿನವಳೇ ಮಾತು ತೆಗೆದಳು. "ಅಕ್ಕಾ, ಆ ಹುಡುಗಿ ನಿನ್ನೆಯಿಂದ ನೀರಾಗ ನಿಂತಾಳ. ನೆಗಡಿ ಆದೀತು."

"ನಿನ್ನ ಭಜನಿ ಕೇಳಿ ಹೊಳಿನ ಓಡಿ ಹೋಗಿರಬೇಕು ಬಿಡು."

"ಬೈಬ್ಯಾಡ ಬೇ. ನಿನ್ನ ಮ್ಯಾಲಿನ ಕಾಳಜಿಗೆ ಹೇಳಾಕತ್ತೇನಿ. ಇವತ್ತಿಂದ ಭಜನಿನ ಮಾಡೂಣು. ಅದು ತಪ್ಪೂದಿಲ್ಲ, ಕೇಳಾವ್ರಿಗೂ ಹಗುರ."

ಅಕ್ಕೋರು ಕಿಟಕಿಯ ಕಡೆ ನೋಡುತ್ತಿದ್ದವರು ಇತ್ತ ತಿರುಗಿದರು. ಈ ಪದ ಕೇಳಿಸಬೇಕೆಂದೇ ಅವರು ನನ್ನನ್ನು ಕರೆತಂದಿದ್ದರು. ಆದರೂ ಸುಳ್ಳು ಧೈರ್ಯ ಹೇಳುವ ಹೆಂಗಸಲ್ಲ. "ಇವತ್ತ ಕಾಂಗಡಾದಾಗ ಇನ್ನೊಮ್ಮೆ ನೋಡೂಣು. ಅಲ್ಲೂ ನಿಂತ್ರ ಬಿಟ್ಟುಬಿಡೂಣು. ಉಳಿದ ಊರಾಗ ಭಜನಿ."

ನಾನು ಹೂಂ ಎಂದೆ. ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟು ದೂರ ಬಂದು ಹುಡುಗಿಯನ್ನು ನಡುನೀರಿನಲ್ಲಿ ಬಿಟ್ಟು ಮನೆಗೆ ಹೋಗುವುದು ನನಗೆ ಬೇಡವಾಗಿತ್ತು. ನಾನು ಬಿಟ್ಟರೆ ಅವಳನ್ನು ದಡ ಸೇರಿಸುವವರು ಯಾರೂ ಇಲ್ಲ.

ದಾರಿ ಸುತ್ತಿ ಸುತ್ತಿ ಏರುತ್ತಿತ್ತು. ತೂಕಡಿಕೆ ಹತ್ತಿತು. ಟೆಂಪೊದ ಗುರುಗುರು ಒಂದೇ ಸಮನೆ. ಸ್ವಲ್ಪ ಹೊತ್ತಿಗೆ ಸವಣೂರಿನವಳು ನನ್ನ ತೊಡೆ ಹಿಡಿದು ಅಲ್ಲಾಡಿಸಿದಳು. "ಅಕ್ಕಾ! ಹಾಡಾಕತ್ತೀರಿ ನೀವು! ಮೂಗುತಿ ಕೊಟ್ಟು, ಡಾಬು ಕೊಟ್ಟು, ಬೈಯೂತನಕ ಬಂದಿದ್ರಿ!"

"ಹುಚ್ಚಿ, ನಿದ್ದಿ ಮಾಡಾಕತ್ತಿದ್ದೆ."

"ನಿದ್ದ್ಯಾಗನ ಹಾಡಾಕತ್ತಿದ್ರಿ. ಕೈ ನೋಡ್ಕೊಳ್ರಿ, ಕೈ!"

ನನ್ನ ಬಲಗೈ ನೀರಿನ ಬಾಟಲಿಯ ಮುಚ್ಚಳ ಹಿಡಿದು ಗಿರಗಿರ ತಿರುಗುತ್ತಿತ್ತು.

ಅಕ್ಕೋರು ಹಣೆ ಬಡಿದುಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ತಾಲೀಮು ಎಲ್ಲಾ ನಿಮ್ಮ ಮನ್ಯಾಗ ಮಾಡಿದ್ವಿ. ನೀವು ಕಲ್ಲಿನ ಮುಂದ ಕುಂತು ಹಾಡಿದ್ರಿ. ನಾವ್ಯಾರೂ ಕಲ್ಲು ಲೆಕ್ಕಕ್ಕ ಹಿಡೀಲಿಲ್ಲ."

ನಿಜವೇ. ನಮ್ಮ ಪಡಸಾಲೆಯಲ್ಲಿ ಕೂರುವ ಜಾಗವೆಂದರೆ ಬೀಸುಕಲ್ಲಿನ ಮುಂದೆ. ಅಲ್ಲಿ ಕೂತರೆ ಕೈ ಗೂಟಕ್ಕೆ ಹೋಗುತ್ತದೆ. ಬಾಯಿಗೆ ಪದ ಬರುತ್ತದೆ ಎಂದುಕೊಂಡಿದ್ದೆ, ಅದು ಕೈಯಲ್ಲಿತ್ತು.

"ಹಂಗಾದ್ರ ಕಲ್ಲು ಹುಡುಕೂಣು," ಅಂದಳು ಹಿರೇಕೆರೂರಿನವಳು. ಇಷ್ಟು ಹೊತ್ತು ಭಜನೆ ಭಜನೆ ಅಂದವಳೇ ಡ್ರೈವರನ ಹೆಗಲಿಗೆ ತಟ್ಟಿ, ಗಾಳಿಯಲ್ಲಿ ಕಲ್ಲು ತಿರುಗಿಸಿ ತೋರಿಸಿದಳು. ಅವನು ಸ್ಟೇರಿಂಗ್ ಕಲಿಯುವ ಆಸೆಯೆಂದು ತಿಳಿದು ಬೇಡವೆಂದು ತಲೆ ಅಲ್ಲಾಡಿಸಿದ.

ಕಾಂಗಡಾ ತಲುಪಿದ ಮೇಲೆ ಉಳಿದ ಮೇಳದವರು ಕೋಟೆ ನೋಡಲು ಹೋದರು. ನಾವು ಕಲ್ಲು ಹುಡುಕಿದೆವು. ಪೇಟೆಯವರು ನಕ್ಕರು. ಆ ಕಡೆ ಹಿಟ್ಟು ಮಾಡುವುದು ನೀರಿನ ಗಿರಣಿ; ತೊರೆಯ ನೀರು ಬಿಟ್ಟು ಕಲ್ಲು ತಿರುಗಿಸುತ್ತಾರೆ, ಅದನ್ನು ಎತ್ತಿ ತರುವಂತಿಲ್ಲ. ಕೈಯಿಂದ ಬೇಳೆ ಒಡೆಯುವ ಕಲ್ಲು ಹಳೆಯ ಮನೆಗಳಲ್ಲಿ ಇದ್ದೀತು ಎಂದು ಬಳೆಯಂಗಡಿಯ ಹೆಂಗಸೊಬ್ಬಳು ಮೇಲಿನ ಓಣಿಗೆ ಕೈ ತೋರಿಸಿದಳು.

ತೆಳು ಕಲ್ಲಿನ ಹಲಗೆ ಹೊದಿಸಿದ ಒಂದು ಮನೆ. ಮಾಡಿನ ಮೇಲೆ ಗೋವಿನಜೋಳದ ತೆನೆ ಒಣಗಿಸಿದ್ದರು, ನಮ್ಮ ತಿಳವಳ್ಳಿ ಕಡೆ ಒಣಗಿಸುವ ಹಾಗೆಯೇ. ಹಿಂದೆ ಹಿಮದ ಬೆಟ್ಟ ನಿಂತಿತ್ತು. ಮೂವರೂ ಬೆಟ್ಟದ ಫೋಟೊ ತೆಗೆದರು. ನಾನು ಅಂಗಳದ ಮೂಲೆ ನೋಡಿದೆ. ಕೋಳಿಬುಟ್ಟಿ ಗಾಳಿಗೆ ಹಾರಬಾರದೆಂದು ಅದರ ಮೇಲೆ ಭಾರ ಹೇರಿದ್ದರು. ಆ ಭಾರ ಬೀಸುಕಲ್ಲಿನ ಮೇಲಿನ ಹೋಳು. ಕೆಳಗಿನ ಹೋಳು ಬಾಗಿಲ ಮೆಟ್ಟಿಲಾಗಿತ್ತು.

ತಲೆಗೆ ಚುನ್ನಿ ಸುತ್ತಿದ ಮುದುಕಿಯೊಬ್ಬಳು ಹೊರಬಂದಳು. ಸವಣೂರಿನವಳು ಬಗ್ಗಿ ಸಲಾಮು ಮಾಡಿ ಎಲ್ಲ ಹೇಳಿದಳು. ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಏನೋ ಅಂದಳು.

"ಏನಂತಾಳ?"

"ನೀವು ಬಂದದ್ದು ಭಾಳ ಸಂತೋಷ ಅಂತ."

"ಸಂತೋಷ ಆದ ಮಾರಿ ಹಂಗಿರೂದಿಲ್ಲ. ಖರೇ ಹೇಳ."

"ಈ ಮುದುಕಿಗೆ ಬೀಸೂ ಕಸುವು ಎಲ್ಲೈತಿ, ಕಲ್ಲು ಕಾಲಮ್ಯಾಲೆ ಹಾಕ್ಕೊಂಡಾಳು ಅಂತ."

"ನನಗಿಂತ ಅಕಿನ ಮುದುಕಿ ಅಂತ ಹೇಳು."

ಸವಣೂರಿನವಳು ಅದನ್ನೂ ಸಿಹಿ ಮಾಡಿಯೇ ಹೇಳಿರಬೇಕು. ಆದರೆ ನನ್ನ ಮುಖ ಸಿಹಿಯಾಗಿರಲಿಲ್ಲ, ಮುದುಕಿಗೆ ತಿಳಿಯಿತು. ನಕ್ಕಳು. ಮುಂದಿನ ಹಲ್ಲು ಇಬ್ಬರಿಗೂ ಇರಲಿಲ್ಲ.

ಕಲ್ಲು ತೊಳೆದು ಕೂಡಿಸಿದೆವು. ಗೂಟ ಸಡಿಲವಾಗಿತ್ತು, ಚಿಂದಿ ಸುತ್ತಿ ಬಿಗಿದೆವು. ನಮ್ಮ ಮನೆಯದಕ್ಕಿಂತ ದೊಡ್ಡ ಕಲ್ಲು, ಒಬ್ಬಳಿಗೆ ಬಗ್ಗುವುದಲ್ಲ. ಮುದುಕಿ ಎದುರು ಕೂತು ನನ್ನ ಕೈಯ ಮೇಲೆ ಕೈಯಿಟ್ಟು ಹಿಡಿದಳು. ಎಳೆದೆವು. ಅವಳು ಒಂದು ಕಡೆ, ನಾನು ಇನ್ನೊಂದು ಕಡೆ. ಕಲ್ಲು ಕಿರ್ರೆಂದು ನಿಂತಿತು. ಅವಳು ಬೈದಳು, ನಾನೂ ಬೈದೆ. ಅದಕ್ಕೆ ಯಾರ ತರ್ಜುಮೆಯೂ ಬೇಕಾಗಲಿಲ್ಲ. ಆಮೇಲೆ ಅವಳು ತಿರುಗಿಸುವ ಕಡೆಗೇ ನಾನೂ ತಿರುಗಿಸಿದೆ, ಕಲ್ಲು ಅವಳದು. ಒಂದು ಹಿಡಿ ಗೋವಿನಜೋಳ ಹಾಕಿದೆವು. ಗುರುಗುರು ಶುರುವಾಯಿತು. ಬಳೆ ಹೋಯಿತು, ಓಲೆ ಹೋಯಿತು, ಮೂಗುತಿ, ಡಾಬು, ಎಲ್ಲ ಹೋಯಿತು. ಬೈಯುವ ಭಾಗ ತಾನಾಗಿ ಬಾಯಿಗೆ ಬಂತು. ಅಕ್ಕೋರು ಅಂಗಳದಲ್ಲೇ ಕುಣಿದುಬಿಟ್ಟರು, ಮೊಣಕಾಲು ನೋವು ಅನ್ನುತ್ತಿದ್ದ ಹೆಂಗಸು.

ಕಲ್ಲು ಸಂಜೆಗೆ ಕೊಡು ಎಂದು ಕೇಳಿದೆವು. ಮುದುಕಿ ತಲೆ ಅಲ್ಲಾಡಿಸಿ ದೊಡ್ಡದಾಗಿ ಏನೋ ಹೇಳಿದಳು. ಕೊಡುವುದಿಲ್ಲವೆಂದು ತಿಳಿದು ಹಿರೇಕೆರೂರಿನವಳ ಮುಖ ಇಳಿಯಿತು.

"ಕಲ್ಲು ಒಂದನ ಕಳಸೂದಿಲ್ಲಂತ," ಅಂದಳು ಸವಣೂರಿನವಳು. "ತಾನೂ ಬರ್ತಾಳಂತ."

ಸಂಜೆ ಛತ್ರದ ಅಂಗಳ ತುಂಬಿತ್ತು. ಸವಣೂರಿನವಳು ಮೊದಲು ಹೊಳೆಯ ಕತೆಯನ್ನು ಉರ್ದುವಿನಲ್ಲಿ ಹೇಳಿದಳು, ಕೊನೆಯೊಂದನ್ನು ಬಿಟ್ಟು. ಮೈಕಿನವನಿಗೆ ಹೇಳಿ ಅಕ್ಕೋರು ಒಂದು ಮೈಕನ್ನು ಕಲ್ಲಿನ ಹತ್ತಿರ ಇಡಿಸಿದರು. ನಾನೂ ಮುದುಕಿಯೂ ಎದುರುಬದುರು ಕೂತು ಗೂಟ ಹಿಡಿದೆವು. ಕಾಳು ಹಾಕಲು ಹಿರೇಕೆರೂರಿನವಳು ತಾನಾಗಿ ಬಂದು ಕೂತಳು.

ಕಲ್ಲಿನ ಗುಡುಗು ಅಂಗಳವನ್ನೆಲ್ಲ ತುಂಬಿತು. ನಾನು ಯಾರ ಮುಖವನ್ನೂ ನೋಡಲಿಲ್ಲ, ಕಲ್ಲಿನ ಬಾಯಿ ನೋಡಿದೆ. ಓಲೆಯ ಜಾಗ ಬಂತು. ದಾಟಿತು. ಮೂಗುತಿ ಕೊಟ್ಟಾಗ ಮುಂದೆ ಕೂತ ಹೆಂಗಸೊಬ್ಬಳು ಲೊಚ್ ಎಂದಳು. ಮೈಮೇಲಿನದೆಲ್ಲ ಹೋದ ಮೇಲೆ ಕಲ್ಲನ್ನು ಜೋರು ಮಾಡಿದೆ, ಮುದುಕಿಯೂ ಜೋರು ಮಾಡಿದಳು, ಹುಡುಗಿ ತಿರುಗಿ ನಿಂತಳು, ನಾನು ಹೊಳೆಯನ್ನು ಬೈದೆ. ನನ್ನಲ್ಲಿದ್ದ ಕಸುವನ್ನೆಲ್ಲ ಹಾಕಿ ಬೈದೆ. ಒಂದು ಶಬ್ದವೂ ತಿಳಿಯದ ಹೆಂಗಸರು ಎದ್ದು ನಿಂತಿದ್ದರು. ಅವಳು ದಡಕ್ಕೆ ಕಾಲಿಟ್ಟಳು. ಕಲ್ಲು ನಿಲ್ಲಿಸಿದೆ. ಆಮೇಲೆ ಎದ್ದ ಗದ್ದಲಕ್ಕೆ ಮೈಕು ಕೂಡ ಕಿರುಚಿತು.

"ದಾಟಿದ್ಲಲ್ಲ ಬೇ!" ಎಂದು ಹಿರೇಕೆರೂರಿನವಳು ನನ್ನ ಬೆನ್ನಿಗೆ ಗುದ್ದಿದಳು. ಮೈ ಎಲ್ಲ ಹಿಟ್ಟು ಅವಳದು.

"ಮೆಲ್ಲಕ ಹೊಡಿ. ನನಗ ಇನ್ನೂ ಎರಡು ಊರು ಐತಿ."

ಮುದುಕಿ ಗೂಟ ಬಿಟ್ಟಿರಲಿಲ್ಲ. ನನ್ನ ಕೈ ಎಳೆದು ಮತ್ತೆ ಗೂಟದ ಮೇಲಿಟ್ಟು ತನ್ನ ಪದ ಎತ್ತಿಕೊಂಡಳು. ಅರ್ಥ ಏನೂ ತಿಳಿಯಲಿಲ್ಲ. ಬೀಸಿದೆ. ಕೆಳಗೆ ಕೂತ ಆ ಊರಿನ ಹಳೆಯ ಹೆಂಗಸರು ಸೊಲ್ಲಿಗೆ ಸೊಲ್ಲು ಕೂಡಿಸಿದರು. ತಮ್ಮ ಹುಡುಗಿಯರ ಮುಂದೆ ಅವರು ಅದನ್ನು ಹಾಡಿ ಎಷ್ಟು ಕಾಲವಾಗಿತ್ತೋ, ಹುಡುಗಿಯರು ಬಾಯಿ ತೆರೆದು ನೋಡುತ್ತಿದ್ದರು.

ಮರುದಿನ ಪಾಲಂಪುರಕ್ಕೆ ಹೊರಟಾಗ ಟೆಂಪೊದಲ್ಲಿ ಕಲ್ಲಿತ್ತು, ಮುಂದಿನ ಸೀಟಿನಲ್ಲಿ ಮುದುಕಿ ಇದ್ದಳು. ಅವಳ ಮಗ ಓಡಿ ಬಂದು ಕಿಟಕಿ ಹಿಡಿದು ಹೋಗಬೇಡವೆಂದು ಕೇಳಿಕೊಂಡ. ಅವಳು ಕೋಳಿಗಳ ಬಗ್ಗೆ ಏನೋ ಅಪ್ಪಣೆ ಕೊಟ್ಟು ಗಾಜು ಏರಿಸಿದಳು. ಚಹಾ ತೋಟಗಳ ನಡುವೆ ಇಬ್ಬರೂ ಹಾಡಿದೆವು. ಅಲ್ಲಿಯೂ ಹುಡುಗಿ ದಾಟಿದಳು.

ಬೈಜನಾಥ ಕೊನೆಯ ಊರು. ಕಲ್ಲಿನ ಹಳೆಯ ಗುಡಿ, ಕೆತ್ತನೆ ಚೆನ್ನಾಗಿದೆ. ನಮ್ಮ ಹಾನಗಲ್ಲಿನ ಗುಡಿಯ ಛತ್ತು ನೋಡಿದವರಿಗೆ ಅದಕ್ಕಿಂತ ಹೆಚ್ಚು ಹೇಳುವುದು ಕಷ್ಟ. ಗುಡಿಯ ಹೊರಗಿನ ಬಯಲಿನಲ್ಲಿ ಹಾಡು. ವ್ಯವಸ್ಥೆ ನೋಡುವವನು ಬಂದು ಕಾರ್ಯಕ್ರಮ ಬಹಳ ಇವೆ, ನಿಮ್ಮದು ಎಷ್ಟು ಹೊತ್ತು ಎಂದು ಕೇಳಿದ.

"ಕಾಳು ಮುಗಿಯೂತನಕ ಅಂತ ಹೇಳು," ಎಂದೆ.

ಸವಣೂರಿನವಳು ಈ ಸಲ ಸಿಹಿ ಬೆರೆಸದೆ ಹಾಗೆಯೇ ಹೇಳಿದಳು. ಅವನು ನಮ್ಮ ಬುಟ್ಟಿಯಲ್ಲಿದ್ದ ಕಾಳು ನೋಡಿ ಸಮಾಧಾನದಿಂದ ಒಪ್ಪಿದ. ಅಷ್ಟರಲ್ಲಿ ಪಾಲಂಪುರದ ಸುದ್ದಿ ಆ ಊರಿಗೆ ಮುಟ್ಟಿತ್ತು. ನಾವು ಕಲ್ಲಿನ ಮುಂದೆ ಕೂತಾಗ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಒಬ್ಬಳ ಕೈಯಲ್ಲಿ ಬಟ್ಟಲು, ಒಬ್ಬಳ ಸೆರಗಿನಲ್ಲಿ ಗಂಟು, ಇನ್ನೊಬ್ಬಳು ಮೊರವನ್ನೇ ಹೊತ್ತು ತಂದಿದ್ದಳು. ಗೋವಿನಜೋಳ ನಮ್ಮ ಮುಂದೆ ಗುಡ್ಡೆ ಬೀಳುತ್ತಲೇ ಇತ್ತು. ವ್ಯವಸ್ಥೆಯವನು ತಲೆಯ ಮೇಲೆ ಕೈ ಹೊತ್ತು ನಿಂತ.

ಮುದುಕಿ ಗೂಟಕ್ಕೆ ಕೈ ಹಾಕಿದಳು. ನಾನೂ ಹಾಕಿದೆ.